ಮಳೆ ಅಳೆದ ಮೇಲೆ ಒಂದು ಪುಟ

ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಗಳಿಗೆ ಬೆಳಗ್ಗೆ ಫೋನ್ ಬಂದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು?" ಅಂತ. ಉತ್ತರ ಇಂಚು, ಸೆಂಟ್ ಲೆಕ್ಕದಲ್ಲಿ ಬರುತ್ತದೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಸರ್ಕಾರದ ಲೆಕ್ಕ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಮ್ಮವರು ಸೆಂಟ್ ಬಿಟ್ಟಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿತ್ತಾ ಇಲ್ಲವಾ ಅನ್ನುವುದರ ಮೇಲೆ ಆ ವರ್ಷದ ಕಾಫಿ ನಿಂತಿರುತ್ತದೆ. ಹಾಗಾಗಿ ಅಳೆಯುವುದನ್ನು ಯಾರೂ ತಪ್ಪಿಸುವುದಿಲ್ಲ.

ನಮ್ಮ ಮನೆ ಹಟ್ಟಿಹೊಳೆ ಕಡೆ. ಅಂಗಳದ ತುದಿಯಲ್ಲಿ, ಮರದ ಹನಿ ಬೀಳದ ಜಾಗದಲ್ಲಿ ಮಳೆಮಾಪಕ ಇದೆ. ಬೆಳಗ್ಗೆ ಎಂಟಕ್ಕೆ ಅಪ್ಪ ಕೊಡೆ ಹಿಡಿದು ಹೋಗುತ್ತಾರೆ. ಮೇಲಿನ ಆಲಿಕೆ ತೆಗೆದು, ಒಳಗಿನ ಬಾಟ್ಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ. ಒಳಗೆ ಬಂದು ಕಾಲು ಒರೆಸಿಕೊಂಡು ನೋಟ್ ಪುಸ್ತಕದಲ್ಲಿ ಬರೆಯುತ್ತಾರೆ. ಅವರಿಗಿಂತ ಮೊದಲು ಅಜ್ಜ ಬರೆಯುತ್ತಿದ್ದರು. ಆ ಪುಸ್ತಕಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿವೆ.

ನಾನು ಬಿಡಿಸುತ್ತಿರುವ ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರಗಳಲ್ಲಿ ಹೇಳುವ ಕಥೆ, ಹುಟ್ಟಿದ್ದು ಆ ಪೆಟ್ಟಿಗೆಯಿಂದ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆಯೆಲ್ಲ ಗುಡ್ಡ ಜಾರಿತಲ್ಲ, ಅಲ್ಲಿಗೆ ಬಂದು ನಿಲ್ಲುವ ಕಥೆ. ಆದರೆ ಶುರುವಾಗುವುದು ತುಂಬ ಹಿಂದೆ, ಅಜ್ಜನ ಕೈಬರಹದಲ್ಲಿ. ಒಂದು ಮನೆಯವರು ಮಳೆಯನ್ನು ದಿನಾ ಅಳೆಯುತ್ತಾ ಅದರ ಜೊತೆ ಹೇಗೆ ಬದುಕಿದರು ಅನ್ನುವುದು ನನಗೆ ಮುಖ್ಯ. ಆ ಆಗಸ್ಟ್ ಬಗ್ಗೆ ಹೊರಗಿನವರು ನೋಡಿದ್ದು ಕೆಲವು ದಿನಗಳ ವಿಡಿಯೋ ಮಾತ್ರ. ಅದಕ್ಕೆ ಮುಂಚಿನ ಮಳೆಗಾಲಗಳನ್ನೂ ಅವರು ನೋಡಬೇಕು ಅಂತ ನನಗೆ ತುಂಬ ಆಸೆ.

ಚಿತ್ರ ಬಿಡಿಸುವವರ ಕಷ್ಟ ಗೊತ್ತಿರುವವರಿಗೆ ಗೊತ್ತು. ಒಂದು ಪುಟ ಓದಲು ಅರ್ಧ ನಿಮಿಷ ಸಾಕು. ಬಿಡಿಸಲು ಮೊದಲು ಚಿಕ್ಕ ಕರಡು, ಆಮೇಲೆ ದೊಡ್ಡ ಹಾಳೆಯಲ್ಲಿ ಪೆನ್ಸಿಲ್, ಆಮೇಲೆ ಇಂಕ್, ಕೊನೆಗೆ ಅಕ್ಷರ. ಮನಸ್ಸು ಬಂದಾಗ ಕೂರುತ್ತೇನೆ ಅಂದರೆ ಪುಸ್ತಕ ಮುಗಿಯುವುದಿಲ್ಲ. ಗಡಿಯಾರ ನೋಡಿ ಕೂರುತ್ತೇನೆ ಅಂದರೆ ಕೊಡಗು ಬಿಡುವುದಿಲ್ಲ. ಕರೆಂಟ್ ಹೋಗುತ್ತದೆ, ದಾರಿಗೆ ಮರ ಬೀಳುತ್ತದೆ, ಹಸು ಕರು ಹಾಕುತ್ತದೆ, ಇಲ್ಲವೇ ಪಕ್ಕದ ತೋಟಕ್ಕೆ ಆನೆ ಬಂತು ಅಂತ ಸುದ್ದಿ ಬರುತ್ತದೆ.

ಅದಕ್ಕೇ ನನ್ನ ಕೆಲಸವನ್ನು ಅಪ್ಪನ ಅಳತೆಗೆ ಗಂಟು ಹಾಕಿದೆ. ಅವರು ಬರೆದು ಪುಸ್ತಕ ಮುಚ್ಚಿದ ತಕ್ಷಣ ನಾನು ಮೇಜಿನ ಮುಂದೆ ಕೂರಬೇಕು. ಇದಕ್ಕೆ ಅಲಾರಾಂ ಬೇಡ. ಇಡೀ ಮನೆಗೆ ಆ ಹೊತ್ತು ಗೊತ್ತು, ಹಾಗಾಗಿ ಯಾರೂ ಆಗ ನನ್ನನ್ನು ಕೂಗುವುದಿಲ್ಲ. ದಿನಕ್ಕೊಂದು ಹಂತ ಅಷ್ಟೇ. ಪೆನ್ಸಿಲ್ ಅಂದರೆ ಬರೀ ಪೆನ್ಸಿಲ್. ಚೆನ್ನಾಗಿ ಬರುತ್ತಿದೆ ಅಂತ ಇಂಕ್ ಬಾಟ್ಲಿ ತೆಗೆಯುವ ಹಾಗಿಲ್ಲ. ಇದು ಬೇರೆಯವರಿಗೆ ಅತಿ ಅನ್ನಿಸಬಹುದು. ನನಗೆ ನಾಳೆ ಏನು ಅಂತ ಗೊತ್ತಿದ್ದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಯಾವ ದಿನ ಯಾವ ಹಂತ ಅನ್ನುವುದನ್ನು ಮಳೆಯೇ ಹೇಳುತ್ತದೆ. ಜುಲೈನಲ್ಲಿ ಗಾಳಿಯೇ ಒದ್ದೆ. ಹಾಳೆ ನೀರು ಹೀರಿ ಮೆತ್ತಗಾಗುತ್ತದೆ, ನಿಬ್ ಎಳೆದ ಗೆರೆಯ ಅಂಚು ಕೂದಲು ಬಿಟ್ಟ ಹಾಗೆ ಹರಡುತ್ತದೆ. ಇಂಕ್ ಒಣಗಿತು ಅಂತ ಕೈ ಇಟ್ಟರೆ ಅಂಗೈಗೆ ಕಪ್ಪು. ಮಳೆ ಜೋರಿರುವ ವಾರಗಳಲ್ಲಿ ಕರಡು, ಪೆನ್ಸಿಲ್ ಮಾತ್ರ. ಇಂಕ್ ಹಾಕಲೇಬೇಕು ಅಂದರೆ ಹಾಳೆಯನ್ನು ಹಿಂದಿನ ರಾತ್ರಿಯೇ ಅಡುಗೆಮನೆಯಲ್ಲಿ, ಬಟ್ಟೆ ಒಣಗಿಸುವ ಜಾಗದಲ್ಲಿ, ಒಲೆಯಿಂದ ದೂರ ಮೇಲಕ್ಕೆ ಇಡುತ್ತೇನೆ. ಮಸಿ ಬೀಳದಂತೆ ಮೇಲೊಂದು ಬಟ್ಟೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಜೋರಾದಾಗ ಬೆಳಗಿನ ಹೊತ್ತು ನನ್ನದಲ್ಲ. ಆಗ ಸಂಜೆ ಹಣ್ಣು ತೂಕ ಮಾಡಿ ಮುಗಿದ ಮೇಲೆ ಅಕ್ಷರದ ಕೆಲಸ.

ಕನ್ನಡದ ಅಕ್ಷರ ಪಾತ್ರಗಳ ಮಾತು ಬರೆಯುವ ಬಲೂನಿನೊಳಗೆ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಒತ್ತಕ್ಷರ ಸಾಲಿನಿಂದ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಬರುತ್ತದೆ, ಎರಡೂ ಢಿಕ್ಕಿ ಹೊಡೆಯುತ್ತವೆ. ಸಾಲುಗಳ ನಡುವೆ ಜಾಗ ಬಿಡಲೇಬೇಕು. "ಹೋಗಬೇಕಾಗಿತ್ತು" ಅನ್ನುವಂಥ ಒಂದೇ ಮಾತು ಬಲೂನಿನ ಅಗಲವನ್ನೆಲ್ಲ ತಿನ್ನುತ್ತದೆ. ಅದಕ್ಕೆ ನಾನು ಪೆನ್ಸಿಲ್ ಹಂತದಲ್ಲೇ ಮಾತು ಬರೆದು, ಅದರ ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ಕೂರಿಸುತ್ತೇನೆ. ಕನ್ನಡದಲ್ಲಿ ಇಂಥ ಚಿತ್ರದ ಕಥೆ ಮಾಡುವ ಹುಡುಗ ಹುಡುಗಿಯರಿಗೆ ಇದೊಂದನ್ನು ಮೊದಲೇ ಹೇಳಿಕೊಡಬೇಕು. ಅಕ್ಷರ ಇಕ್ಕಟ್ಟಾದ ಪುಟವನ್ನು ಎಷ್ಟು ಚೆಂದದ ಚಿತ್ರ ಇದ್ದರೂ ಜನ ಓದುವುದಿಲ್ಲ.

ಈ ಸಲದ ಆಟಿ ಹದಿನೆಂಟರ ದಿನ ಕರಡಿನ ಸಾಲಿನಲ್ಲಿ ಬಂದು ನಿಂತಿದ್ದು ಗುಡ್ಡ ಜಾರಿದ ರಾತ್ರಿಯ ಪುಟ. ಆಟಿ ಅಂದರೆ ನಮ್ಮ ಕಡೆಯ ಮಳೆಗಾಲದ ಒಂದು ತಿಂಗಳು, ಅದರ ಹದಿನೆಂಟನೇ ದಿನ ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಅವತ್ತು ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತೇವೆ. ಹದಿನೆಂಟು ಬಗೆಯ ಔಷಧ ಆ ದಿನ ಸೊಪ್ಪಿನಲ್ಲಿ ಸೇರಿರುತ್ತದೆ ಅಂತ ನಂಬಿಕೆ. ಅಡುಗೆಮನೆಯಿಂದ ಅದರ ವಾಸನೆ ಬರುತ್ತಿತ್ತು. ಹಿಂದಿನ ದಿನದಿಂದ ಕರೆಂಟ್ ಇರಲಿಲ್ಲ. ಮೇಜನ್ನು ಕಿಟಕಿಗೆ ತಾಗಿಸಿ ಕೂತೆ.

ನನ್ನ ಪುಸ್ತಕದ ಎಲ್ಲ ಪುಟಕ್ಕೂ ಆರು ಪ್ಯಾನೆಲ್, ಅಂದರೆ ಗೆರೆ ಎಳೆದ ಆರು ಚೌಕ. ಈ ಪುಟ ಬಂದಾಗ ಮಾತ್ರ ಗೆರೆ ಎಲ್ಲ ಅಳಿಸಿ, ಎರಡು ಪುಟ ತುಂಬ ಒಂದೇ ಗುಡ್ಡ ಬಿಡಿಸುವುದು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಶುರು ಮಾಡುವ ಮುಂಚೆ 2018ರ ಪುಸ್ತಕ ತೆಗೆದೆ. ಆಗಸ್ಟ್ ನಡುವಿನ ಪುಟದಲ್ಲಿ ಬೇರೆ ದಿನಗಳ ಹಾಗೆಯೇ ಅಂಕಿ. ಅದೇ ನೀಲಿ ಪೆನ್ನು, ಅದೇ ಗಾತ್ರ. ಒಂದು ಸಾಲಿನಲ್ಲಿ ಮಾತ್ರ ಎರಡು ಅಂಕಿ, ನಡುವೆ ಕೂಡಿಸುವ ಗುರುತು.

"ಇದೇನಪ್ಪ, ಎರಡು ಸಲ ಬರೆದಿದ್ದೀರಿ?" ಅಂತ ಕೇಳಿದೆ.

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. "ಅವತ್ತು ಬಾಟ್ಲಿ ತುಂಬಿ ಹೋಗ್ತದೆ ಅಂತ ರಾತ್ರಿ ಒಮ್ಮೆ ಅಳೆದು ಚೆಲ್ಲಿದೆ. ಇಲ್ಲದಿದ್ರೆ ಬೆಳಗ್ಗೆ ಲೆಕ್ಕ ತಪ್ತದೆ ಅಲ್ವಾ."

"ಆಗ ಗುಡ್ಡ ಜಾರಿತ್ತಾ?"

"ಸದ್ದು ಕೇಳ್ತಾ ಇತ್ತು. ಎಲ್ಲಿ ಅಂತ ಗೊತ್ತಿರಲಿಲ್ಲ."

ಇದನ್ನು ಅವರು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದೇನೂ ಅಲ್ಲ, ಯಾರೂ ಕೇಳಿರಲಿಲ್ಲ.

ಆರು ಪ್ಯಾನೆಲ್ಲಿನ ಗೆರೆ ಎಳೆದೆ. ಮೊದಲನೆಯದರಲ್ಲಿ ಟಾರ್ಚಿನ ಬೆಳಕು. ಎರಡನೆಯದರಲ್ಲಿ ಆಲಿಕೆ ತೆಗೆಯುವ ಕೈ. ಮೂರನೆಯದರಲ್ಲಿ ಅಳತೆಯ ಗಾಜು, ಅದನ್ನು ಹಿಡಿದ ಬೆರಳುಗಳು ಮಾತ್ರ. ನಾಲ್ಕನೆಯದು ಪೂರ್ತಿ ಕಪ್ಪು, ಅದರಲ್ಲಿ ಸದ್ದು. ಸದ್ದಿಗೆ ಅಕ್ಷರ ಬರೆಯಲಿಲ್ಲ, ಪ್ಯಾನೆಲ್ಲಿನ ಗೆರೆಯನ್ನೇ ಒಂದು ಕಡೆ ವಾಲಿಸಿದೆ. ಐದರಲ್ಲಿ ಚೆಲ್ಲಿದ ನೀರು. ಆರರಲ್ಲಿ ನೀಲಿ ಪೆನ್ನಿನ ಕೂಡಿಸುವ ಗುರುತು. ಗುಡ್ಡ ಈ ಪುಟದಲ್ಲಿ ಇಲ್ಲ. ಅದು ಮುಂದಿನ ಬೆಳಗಿನ ಪುಟದಲ್ಲಿ, ಅಪ್ಪ ಮತ್ತೆ ಅಳೆಯಲು ಹೋದಾಗ, ಅವರ ಹೆಗಲ ಹಿಂದೆ ಕಾಣುತ್ತದೆ. ಹಸಿರಿದ್ದಲ್ಲಿ ಕೆಂಪು ಮಣ್ಣು.

ಈ ಪುಟಕ್ಕೆ ನಾನು ಹೆದರಿದ್ದೆ. ಒಳ್ಳೆಯ ಮನಸ್ಸಿನ ದಿನ ಬರಲಿ ಅಂತ ಕಾದಿದ್ದರೆ ಇನ್ನೂ ಕಾಯುತ್ತಿದ್ದೆ. ಅವತ್ತು ಅದರ ಸರದಿ ಬಂದಿತ್ತು, ಅಪ್ಪ ಮಳೆ ಅಳೆದಿದ್ದರು, ಕೂತೆ. ದಿನಚರಿಯ ಬೆಲೆ ನನಗೆ ಅವತ್ತು ತಿಳಿದಷ್ಟು ಯಾವತ್ತೂ ತಿಳಿದಿರಲಿಲ್ಲ. ಮಧ್ಯಾಹ್ನ ಅಮ್ಮ ನೇರಳೆ ಬಣ್ಣದ ಪಾಯಸ ತಂದಿಟ್ಟು, ಹಾಳೆ ನೋಡಿ, "ಅಪ್ಪನ ಕೈ ಹೀಗೆಯೇ ಇರ್ತದೆ" ಅಂದರು. ಹೆಬ್ಬೆರಳಿನ ಪಕ್ಕದ ಕತ್ತಿಯ ಗಾಯದ ಗುರುತು ಬಿಟ್ಟುಹೋಗಿದೆ ಅಂತಲೂ ಹೇಳಿದರು. ಅದನ್ನು ಸೇರಿಸಿದೆ.

ಈಗ ಮುಂದಿನ ಅಧ್ಯಾಯ, ಪರಿಹಾರ ಕೇಂದ್ರದ್ದು. ಅಲ್ಲಿ ಜನ ಜಾಸ್ತಿ, ಮಾತು ಜಾಸ್ತಿ, ಒಬ್ಬೊಬ್ಬರದು ಒಂದೊಂದು ಭಾಷೆ. ಆರು ಪ್ಯಾನೆಲ್ಲಿನಲ್ಲಿ ಅಷ್ಟು ಬಲೂನು ಹಿಡಿಸುವುದಿಲ್ಲ. ನಾಲ್ಕಕ್ಕೆ ಇಳಿಸಿ ಕರಡು ಹಾಕುತ್ತಿದ್ದೇನೆ.