ಪಿನ್ನಿನ ಡಬ್ಬಿ ಮತ್ತು ಭೀಮನ ರಥ

ಬೇಸಿಗೆ ಶಿಬಿರದ ಆ ಬೆಳಗಿನ ಅವಧಿ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ. ವಿಷಯ ಅಡ್ಡದಾರಿಯ ಯೋಚನೆ, ಅಂದರೆ ರೂಢಿಯ ದಾರಿ ಬಿಟ್ಟು ಹೊಸ ನೋಟದಿಂದ ಒಗಟು ಬಿಡಿಸುವುದು. ಒಗಟು ಬಾಯಲ್ಲಿ ಕೇಳುವುದಕ್ಕೆ ಮೊದಲು ಮೇಜಿನ ಮೇಲೆ ಮೂರು ಸಾಮಾನು ಇಟ್ಟಾಯಿತು: ಒಂದು ಮೇಣದಬತ್ತಿ, ಒಂದು ಬೆಂಕಿಪೊಟ್ಟಣ, ರಟ್ಟಿನ ಡಬ್ಬಿಯ ತುಂಬ ಬೋರ್ಡ್ ಪಿನ್ನು. ಮೇಣದಬತ್ತಿಯನ್ನು ಎದುರಿನ ಸಾಫ್ಟ್‌ಬೋರ್ಡಿಗೆ ನಿಲ್ಲಿಸಬೇಕು, ಉರಿಯುವಾಗ ಮೇಣ ಕೆಳಗಿನ ಮೇಜಿಗೆ ತೊಟ್ಟಿಕ್ಕಬಾರದು. ಷರತ್ತು ಅಷ್ಟೇ.

ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡುಂಕರ್ ಮಾಡಿದ ಪ್ರಯೋಗವಿದು. ಅವನ ಬರಹ ಇಂಗ್ಲಿಷಿಗೆ ಬಂದದ್ದು 1945ರಲ್ಲಿ. ಡಬ್ಬಿಯಿಂದ ಪಿನ್ನು ಸುರಿದು, ಖಾಲಿ ಡಬ್ಬಿಯನ್ನು ಬೋರ್ಡಿಗೆ ಚುಚ್ಚಿ, ಅದರೊಳಗೆ ಬತ್ತಿ ನಿಲ್ಲಿಸಿದರೆ ಮುಗಿಯಿತು. ಆದರೆ ತುಂಬಿದ ಡಬ್ಬಿ ಕಣ್ಣಿಗೆ ಸಾಮಾನಾಗಿ ಕಾಣುವುದೇ ಇಲ್ಲ, ಅದು ಪಿನ್ನಿನ ಮನೆ. ಅದಕ್ಕೇ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತುಂಬಿದ ಡಬ್ಬಿ, ಇನ್ನೊಂದಕ್ಕೆ ಪಿನ್ನಿನ ರಾಶಿ ಮತ್ತು ಪಕ್ಕದಲ್ಲಿ ಖಾಲಿ ಡಬ್ಬಿ ಕೊಡಬೇಕು. ಎರಡನೇ ಗುಂಪು ಬೇಗ ಬಿಡಿಸಿತು. ಮೊದಲನೆಯವರು ಬತ್ತಿಗೇ ಪಿನ್ನು ಚುಚ್ಚಿ ಸೀಳಿದರು, ಮೇಣ ಕರಗಿಸಿ ಬೋರ್ಡಿಗೆ ಅಂಟಿಸಲು ನೋಡಿದರು. ಕೈಬಿಟ್ಟ ಕೂಡಲೇ ಬತ್ತಿ ಜಾರಿ ಬಿತ್ತು.

ಈ ಆಟ ಕೆಡುವುದು ಸಾಮಾನಿನಲ್ಲಿ. ಹುಟ್ಟುಹಬ್ಬದ ಸಣ್ಣ ಬತ್ತಿ ತಂದರೆ ಅದರ ಆಚೀಚೆ ಪಿನ್ನು ಒತ್ತಿ ನಿಲ್ಲಿಸಿಬಿಡುತ್ತಾರೆ, ಒಗಟೇ ಉಳಿಯುವುದಿಲ್ಲ. ಪಿನ್ನಿನ ಮೊನೆ ಸುಮಾರು 1 ಸೆಂ.ಮೀ. ಇರುತ್ತದೆ, ಆದ್ದರಿಂದ ಬತ್ತಿಯ ದಪ್ಪ 2 ಸೆಂ.ಮೀ. ಆದರೂ ಇರಲಿ. ಸಿಮೆಂಟ್ ಗೋಡೆಗೆ ಪಿನ್ನು ಇಳಿಯುವುದಿಲ್ಲ, ಥರ್ಮಾಕೋಲ್ ಬೆಂಕಿಗೆ ಕರಗುತ್ತದೆ. ಉರಿಸಿ ತೋರಿಸುವುದು ಅರ್ಧ ನಿಮಿಷ ಸಾಕು, ಪಕ್ಕದಲ್ಲಿ ಒಂದು ಚೊಂಬು ನೀರು ಇರಲೇಬೇಕು. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನೇ ಎಳೆದು ಚುಚ್ಚಿದವರಿಗೂ ಪೂರ್ತಿ ಅಂಕ ಕೊಡಿ. ಅದು ನಾವು ನೆನೆಸಿದ ಉತ್ತರವಲ್ಲ, ಆದರೆ ಷರತ್ತು ಮುರಿದಿಲ್ಲ.

‘ಮೊದಲು ಬಿಡಿಸಿದವರಿಗೆ ಚಾಕೊಲೇಟ್’ ಎಂದು ಸಾರುವುದು ಬೇಡ. 1962ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಗ್ಲಕ್ಸ್‌ಬರ್ಗ್ ಇದೇ ಪ್ರಯೋಗಕ್ಕೆ ಹಣದ ಬಹುಮಾನ ಇಟ್ಟು ನೋಡಿದ. ತುಂಬಿದ ಡಬ್ಬಿ ಸಿಕ್ಕಿದವರಲ್ಲಿ ಬಹುಮಾನದ ಆಸೆಯಿದ್ದವರೇ ನಿಧಾನವಾದರು. ಖಾಲಿ ಡಬ್ಬಿ ಸಿಕ್ಕಿದವರು ಮಾತ್ರ ಚುರುಕಾದರು. ಆಸೆ ತೋರಿಸಿದರೆ ಗೊತ್ತಿರುವ ದಾರಿಯಲ್ಲೇ ಓಟ ಜೋರಾಗುತ್ತದೆ, ಹೊಸ ದಾರಿ ಕಾಣುವುದಿಲ್ಲ.

ಆಮೇಲೆ ಹಳೆಯ ಬಲ್ಬಿನ ಒಗಟು. ಹೊರಗೆ ಮೂರು ಸ್ವಿಚ್ಚು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಬಲ್ಬು, ಒಳಗೆ ಹೋಗುವುದು ಒಂದೇ ಸಲ. ಯಾವುದು ಅದರ ಸ್ವಿಚ್ಚು? ಒಂದನ್ನು ಐದು ನಿಮಿಷ ಹಾಕಿ ಆರಿಸಿ, ಇನ್ನೊಂದನ್ನು ಹಾಕಿ ಒಳಗೆ ಹೋಗಿ ಮುಟ್ಟಬೇಕು. ಉರಿಯುತ್ತಿದ್ದರೆ ಎರಡನೆಯದು, ಆರಿದ್ದು ಬಿಸಿಯಿದ್ದರೆ ಮೊದಲನೆಯದು, ತಣ್ಣಗಿದ್ದರೆ ಮುಟ್ಟದೇ ಬಿಟ್ಟ ಮೂರನೆಯ ಸ್ವಿಚ್ಚು. ಒಬ್ಬಳು ಎದ್ದು, “ಸರ್, ಎಲ್‌ಇಡಿ ಆದ್ರೆ?” ಎಂದಳು. ನ್ಯಾಯವಾದ ಪ್ರಶ್ನೆ. ಎಲ್‌ಇಡಿಯ ಮುಂದಿನ ಬಿಳಿ ಬುರುಡೆ ಅಷ್ಟಾಗಿ ಕಾಯುವುದಿಲ್ಲ, ಬಿಸಿ ಸೇರುವುದು ಬುಡದಲ್ಲಿ. ಈಗಿನ ಮಕ್ಕಳಿಗೆ ಕೇಳುವಾಗ ‘ತಂತಿಯ ಹಳೇ ಬಲ್ಬು’ ಎಂದು ಮೊದಲೇ ಹೇಳಿದರೆ ಅರ್ಧ ಗುಟ್ಟು ಬಿಟ್ಟುಕೊಟ್ಟಂತೆ. ಹೇಳದಿದ್ದರೆ ಮೋಸ. ಈ ಒಗಟಿಗೆ ವಯಸ್ಸಾಯಿತು ಎನ್ನದೆ ಬೇರೆ ದಾರಿಯಿಲ್ಲ.

ಮಾತಿನಲ್ಲೇ ಸಿಕ್ಕಿಸುವ ಪ್ರಶ್ನೆಯ ಜಾತಿಯೇ ಬೇರೆ. “ಕುರುಕ್ಷೇತ್ರದಲ್ಲಿ ಕೃಷ್ಣ ಓಡಿಸಿದ ಭೀಮನ ರಥಕ್ಕೆ ಎಷ್ಟು ಕುದುರೆ?” ಎಂದಾಗ ಒಂದಷ್ಟು ಮಕ್ಕಳು “ನಾಲ್ಕು!” ಎಂದು ಕೂಗಿದರು. ಕೃಷ್ಣ ಸಾರಥಿಯಾದದ್ದು ಅರ್ಜುನನಿಗೆ ಎಂಬುದು ಗೊತ್ತಿಲ್ಲದೆ ಅಲ್ಲ. ತಪ್ಪು ಹೆಸರು ಸರಿಯಾದ ಹೆಸರಿಗೆ ಹತ್ತಿರದ್ದಾಗಿರಬೇಕು, ಅದೂ ವಾಕ್ಯದ ನಡುವೆ ಸದ್ದಿಲ್ಲದೆ ನುಸುಳಬೇಕು, ಕೊನೆಯಲ್ಲಿ ಕೇಳುವುದು ಬೇರೆಯದೇ ಆಗಿರಬೇಕು. ಭೀಮನ ಜಾಗದಲ್ಲಿ ರಾವಣನನ್ನು ಕೂರಿಸಿ ನೋಡಿ, ಯಾರೂ ಬೀಳುವುದಿಲ್ಲ. “ಭೀಮನ” ಎನ್ನುವಾಗ ದನಿ ಎತ್ತಿದರೂ ಕೆಟ್ಟಿತು.

ಬ್ಯಾಟು, ಚೆಂಡು ಸೇರಿ 110 ರೂಪಾಯಿ, ಬ್ಯಾಟಿಗೆ ಚೆಂಡಿಗಿಂತ 100 ರೂಪಾಯಿ ಹೆಚ್ಚು, ಚೆಂಡಿಗೆಷ್ಟು? 10 ಎಂದು ನಾಲಿಗೆಗೆ ಬರುತ್ತದೆ, ಸರಿಯುತ್ತರ 5. ಇದನ್ನು ಅಡ್ಡದಾರಿಯ ಯೋಚನೆಯ ಸಾಲಿಗೆ ಸೇರಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಇದಕ್ಕೆ ಬೇಕಾದದ್ದು ಹೊಸ ನೋಟವಲ್ಲ, ಬಂದ ಉತ್ತರವನ್ನು ಕೂಡಿ ನೋಡುವ ತಾಳ್ಮೆ.

ಕೊನೆಯ ಇಪ್ಪತ್ತು ನಿಮಿಷ ‘ಹೌದು, ಅಲ್ಲ, ಸಂಬಂಧವಿಲ್ಲ’ ಆಟಕ್ಕೆ. ಮಕ್ಕಳು ಪ್ರಶ್ನೆ ಕೇಳುತ್ತ ಗುಟ್ಟು ಹಿಡಿಯಬೇಕು, ಸಿಗುವ ಉತ್ತರ ಈ ಮೂರರಲ್ಲೊಂದು. ಒಬ್ಬಾತ ಹತ್ತನೇ ಮಹಡಿಯವನು. ಮನೆಗೆ ಬರುವಾಗ ಲಿಫ್ಟಿನಲ್ಲಿ ಏಳಕ್ಕೇ ಇಳಿದು ಮೆಟ್ಟಿಲು ಹತ್ತುತ್ತಾನೆ, ಮಳೆಗಾಲದಲ್ಲಿ ಮಾತ್ರ ನೇರ ಹತ್ತಕ್ಕೆ ಹೋಗುತ್ತಾನೆ. ಯಾಕೆ? (ಕುಳ್ಳ. ಮೇಲಿನ ಗುಂಡಿ ಎಟುಕುವುದಿಲ್ಲ, ಮಳೆಗಾಲದಲ್ಲಿ ಕೈಯಲ್ಲಿ ಛತ್ರಿ.) ಇದನ್ನು ಮೊದಲೇ ಕೇಳಿರುವವರು ಒಬ್ಬರಾದರೂ ಇರುತ್ತಾರೆ. ಅವರ ಬಾಯಿ ಮುಚ್ಚಿಸುವುದು ಸುಲಭ: ಮುಂದೆ ಕರೆದು ಉತ್ತರ ಹೇಳುವ ಕುರ್ಚಿಯಲ್ಲಿ ಕೂರಿಸುವುದು. ಪ್ರಶ್ನೆ ಬತ್ತಿದಾಗ ಸುಳಿವು ಕೊಡಬೇಡಿ, ಕೇಳಿದ ಪ್ರಶ್ನೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆಸಿ. ಎಲ್ಲವೂ ಕಟ್ಟಡ, ಲಿಫ್ಟು, ಮೆಟ್ಟಿಲಿನ ಬಗ್ಗೆಯೇ ಇರುತ್ತವೆ. ಅವನ ಮೈಕಟ್ಟಿನ ಬಗ್ಗೆ ಒಂದೂ ಇಲ್ಲ ಎಂಬುದು ಅವರಿಗೇ ಕಾಣುತ್ತದೆ.