ಜಾಮೀನು ಕಾಗದದ ಮುಂದೆ ಕಲಿತ ಮಾತು

11 ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದಂತೆಯೇ, ಸಹೋದ್ಯೋಗಿಯೊಬ್ಬರ ಸಾಲದ ಅರ್ಜಿಗೆ ಜಾಮೀನುದಾರನಾಗಿ ಸಹಿ ಹಾಕಿದೆ. ಅರ್ಜಿಯನ್ನು ಓದಲಿಲ್ಲ, ಓದಲು ನಿಂತರೆ ಅವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದಲ್ಲ ಎಂಬ ಸಂಕೋಚ. ಮನಸ್ಸು ಬೇಡವೆನ್ನುತ್ತಿರುವಾಗಲೇ ಬಾಯಿ ‘ಅದಕ್ಕೇನಂತೆ, ಕೊಡಿ’ ಎಂದಿತು. ಎರಡು ವರ್ಷದಲ್ಲಿ ಅವರು ಕಂತು ಕಟ್ಟುವುದನ್ನು ನಿಲ್ಲಿಸಿದರು, ಸಹಕಾರ ಸಂಘದ ನೋಟಿಸು ನನ್ನ ಹೆಸರಿಗೆ ಬಂತು, 14 ತಿಂಗಳು ನನ್ನ ಸಂಬಳದಲ್ಲಿ ಕಡಿತವಾಯಿತು. ಅದರಲ್ಲಿ 13 ತಿಂಗಳು ಆ ವಿಷಯವಾಗಿ ಅವರೊಡನೆ ಒಂದು ಮಾತನ್ನೂ ಆಡಲಿಲ್ಲ. ಎದುರಾದರೆ ನಕ್ಕೆ, ಕಾಫಿಗೆ ಕರೆದರೆ ಹೋದೆ. ಕೊನೆಯ ತಿಂಗಳು, ಅವರು ಹೊಸ ಬೈಕಿನಲ್ಲಿ ಬಂದಿಳಿದ ದಿನ, ಹತ್ತಾರು ಜನರೆದುರು ಅವರ ಮೇಲೆ ಹರಿಹಾಯ್ದೆ. ಆ ಮಾತುಗಳಲ್ಲಿ ಸಾಲದ ವಿಷಯಕ್ಕಿಂತ ಅವರ ಮನೆತನದ ನಿಂದೆಯೇ ಹೆಚ್ಚಾಗಿತ್ತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಸಾಧು ಮನುಷ್ಯ, ಪಾಪ, ಎಷ್ಟು ದಿನವೆಂದು ತಡೆದುಕೊಂಡಾನು ಎಂದು ಜೊತೆಯವರು ನನ್ನ ಪರವಾಗಿಯೇ ಮಾತಾಡಿದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಆ ದಿನವನ್ನು ಮತ್ತೆ ಮತ್ತೆ ನೆನೆದಾಗ ಒಂದು ಸಂಗತಿ ಕಾಣತೊಡಗಿತು. ‘ನೀವು ಕಟ್ಟಬೇಕಾದ ಹಣವನ್ನು ನಾನು ಕಟ್ಟುತ್ತಿದ್ದೇನೆ, ಅದನ್ನು ಯಾವಾಗ ಹಿಂದಿರುಗಿಸುತ್ತೀರಿ?’ ಎಂಬ ಒಂದು ಮಾತನ್ನು ನಾನು ಆಡಬೇಕಾಗಿತ್ತು. 13 ತಿಂಗಳ ಮೌನದಲ್ಲಿ ಆ ಮಾತು ಇರಲಿಲ್ಲ. ಹತ್ತು ನಿಮಿಷದ ಕೂಗಾಟದಲ್ಲೂ ಇರಲಿಲ್ಲ. ಎರಡರಲ್ಲೂ ನಾನು ಅದನ್ನು ತಪ್ಪಿಸಿಕೊಂಡೇ ಓಡಾಡಿದ್ದೆ.

ನಮ್ಮಲ್ಲಿ ಇದಕ್ಕೆ ದಾಕ್ಷಿಣ್ಯವೆಂಬ ಒಳ್ಳೆಯ ಹೆಸರೇ ಇದೆ. ನೇರವಾಗಿ ಹೇಳುವವನಿಗೆ ‘ಖಂಡಿತವಾದಿ ಲೋಕವಿರೋಧಿ’ ಎಂಬ ಎಚ್ಚರಿಕೆಯೂ ಸಿದ್ಧವಾಗಿದೆ. ಹೀಗಾಗಿ ಬೇಡ ಎನ್ನಬೇಕಾದಲ್ಲಿ ‘ನೋಡೋಣ’ ಎನ್ನುತ್ತೇವೆ, ಮಾಡುವುದಿಲ್ಲ ಎನ್ನಬೇಕಾದಲ್ಲಿ ‘ಆಗುವುದಿಲ್ಲ’ ಎನ್ನುತ್ತೇವೆ. ಈ ‘ಆಗುವುದಿಲ್ಲ’ವನ್ನು ನಾನು ಬಹಳ ಯೋಚಿಸಿದ್ದೇನೆ. ಅದರಲ್ಲಿ ನಿರ್ಧರಿಸಿದವನು ಯಾರೂ ಇಲ್ಲ. ಹೊರಗಿನ ಯಾವುದೋ ಅಡ್ಡಿಯೊಂದು ಇರುವಂತೆ ಕೇಳಿಸುತ್ತದೆ. ಅಡ್ಡಿಯೆಂದ ಮೇಲೆ ಕೇಳಲು ಬಂದವರು ಅದನ್ನು ನಿವಾರಿಸಲು ಹೊರಡುವುದು ಸಹಜ. ಈ ವಾರ ಆಗದಿದ್ದರೆ ಬರುವ ವಾರ, ನೀವು ಬರಲಾಗದಿದ್ದರೆ ನಾವೇ ಕಾಗದ ತರುತ್ತೇವೆ. ಇದಕ್ಕಿಂತ ಕೆಟ್ಟದ್ದು ‘ಮನೆಯಲ್ಲಿ ಒಪ್ಪುವುದಿಲ್ಲ’ ಎಂಬ ಮಾತು. ನನ್ನ ಹೆಂಡತಿ ಬಂಧುಬಳಗದಲ್ಲಿ ಕೈಬಿಗಿಯ ಹೆಂಗಸು ಎನ್ನಿಸಿಕೊಂಡಿದ್ದು ನಾನು ಎಷ್ಟೋ ಸಲ ಆಡಿದ ಈ ಮಾತಿನಿಂದಲೇ, ಅವಳನ್ನು ಒಮ್ಮೆಯೂ ಕೇಳದೆ ಆಡಿದ ಮಾತಿನಿಂದ.

ಅನ್ನಿಸಿದ್ದನ್ನು ನುಂಗದೆ, ಕೂಗಾಡದೆ ನೇರವಾಗಿ ಹೇಳುವ ಈ ವಿಷಯಕ್ಕೆ ಮನಶ್ಶಾಸ್ತ್ರದಲ್ಲಿ ದೊಡ್ಡ ಇತಿಹಾಸವೇ ಇದೆ. 1949ರಲ್ಲಿಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಸಾಲ್ಟರ್, ಮನಸ್ಸಿನಲ್ಲಿರುವುದನ್ನು ಅತಿಯಾಗಿ ತಡೆದುಕೊಳ್ಳುವ ಜನರಿಗೆ ಮಾತಿನಲ್ಲಿ ‘ನಾನು’ ಎಂಬ ಪದವನ್ನು ಬೇಕೆಂದೇ ಬಳಸುವ ಅಭ್ಯಾಸವನ್ನು ಸೂಚಿಸಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮನೋವೈದ್ಯ ಜೋಸೆಫ್ ವೋಲ್ಪೆ, ತನ್ನ ಅನ್ನಿಸಿಕೆಯನ್ನು ದೃಢವಾಗಿ ಹೇಳುವ ಕ್ರಿಯೆಯೇ ಆ ಗಳಿಗೆಯ ಆತಂಕವನ್ನು ಹತ್ತಿಕ್ಕುತ್ತದೆ ಎಂದು 1958ರಲ್ಲಿ ವಾದಿಸಿದರು. ಧೈರ್ಯ ಬಂದ ಮೇಲೆ ಮಾತಾಡೋಣವೆಂದು ಕಾಯುತ್ತಿದ್ದ ನನಗೆ ವೋಲ್ಪೆಯ ಮಾತು ತುಂಬ ಉಪಕಾರ ಮಾಡಿತು. ಸಾಲ್ಟರ್ ಹೇಳಿದ್ದಂತೂ ಕನ್ನಡಿಗರಿಗೆ ಇನ್ನಷ್ಟು ಸಲ್ಲುತ್ತದೆ ಎನ್ನಿಸುತ್ತದೆ, ಏಕೆಂದರೆ ನಮ್ಮ ಕ್ರಿಯಾಪದದಲ್ಲೇ ಮಾಡುವವರು ಯಾರೆಂದು ತಿಳಿಸುವ ಪುರುಷಪ್ರತ್ಯಯ ಸೇರಿರುವುದರಿಂದ ‘ನಾನು’ ಎನ್ನದೆಯೇ ದಿನವಿಡೀ ಮಾತಾಡಬಹುದು.

ಜಾಮೀನಿನ ಕಾನೂನನ್ನೂ ಓದಿಕೊಂಡೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ನಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸಾಲಗಾರನನ್ನು ಹಿಡಿದು ಕೇಳಿದ ಮೇಲಷ್ಟೇ ಜಾಮೀನುದಾರನ ಬಳಿಗೆ ಬರಬೇಕೆಂಬ ನಿಯಮವೇನಿಲ್ಲ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 145ನೇ ಸೆಕ್ಷನ್ ಕೊಡುತ್ತದೆ. ನನಗೆ ಆ ಹಕ್ಕು ಮೊದಲಿನಿಂದಲೂ ಇತ್ತು. ಕೇಳುವ ಬಾಯಿ ಇರಲಿಲ್ಲ.

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ ಚಿಕ್ಕಪ್ಪನ ಮಗ ಮನೆಗೆ ಬಂದ. ಪ್ಲಾಸ್ಟಿಕ್ ಕವರಿನಿಂದ ಅರ್ಜಿಯನ್ನು ತೆಗೆದು ಟೀಪಾಯಿಯ ಮೇಲೆ ಹರಡಿ, ಮಡಿಕೆಗಳನ್ನು ಅಂಗೈಯಿಂದ ಒತ್ತಿ ಸರಿಪಡಿಸಿದ. ನಾನು ಸಹಿ ಹಾಕಬೇಕಾದ ಎರಡು ಕಡೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡೇ ಬಂದಿದ್ದ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆಗೆ ತಿರುಗಿಸಿ ಇಟ್ಟ. ನನ್ನ ಕಿವಿಯೆಲ್ಲ ಬಿಸಿಯಾಯಿತು. ‘ಆಗುವುದಿಲ್ಲ’ ನಾಲಗೆಯ ತುದಿಗೆ ಬಂದು ನಿಂತಿತ್ತು. ‘ನಿಮ್ಮ ಅತ್ತಿಗೆ ಒಪ್ಪುವುದಿಲ್ಲ’ ಅದರ ಹಿಂದೆಯೇ ಇತ್ತು.

‘ನಾನು ಯಾರಿಗೂ ಜಾಮೀನು ಹಾಕುವುದಿಲ್ಲವೆಂದು ತೀರ್ಮಾನಿಸಿದ್ದೇನೆ, ನಿನಗೂ ಹಾಕುವುದಿಲ್ಲ’ ಎಂದೆ. ದನಿ ಸ್ವಲ್ಪ ನಡುಗಿತು. ನನ್ನ ಮೇಲೆ ನಂಬಿಕೆಯಿಲ್ಲವೇ ಅಣ್ಣ ಎಂದ. ನಂಬಿಕೆಯಿದೆ, ಆದರೂ ಹಾಕುವುದಿಲ್ಲ ಎಂದೆ. ಅಪ್ಪ ಇದ್ದಿದ್ದರೆ ಹೀಗೆ ಹೇಳುತ್ತಿದ್ದಿರಾ ಎಂದ. ಆ ಮಾತಿಗೆ ಸಿಟ್ಟು ಬಂತು, ಚಿಕ್ಕಪ್ಪನ ಹಳೆಯ ವಿಷಯವೊಂದು ಬಾಯಿಗೇ ಬಂತು, ಅದನ್ನು ನುಂಗಿಕೊಂಡು ಮೊದಲಿನ ವಾಕ್ಯವನ್ನೇ ಮತ್ತೆ ಹೇಳಿದೆ. ನನ್ನಿಂದ ಏನು ಸಾಧ್ಯವೋ ಅದನ್ನೂ ಹೇಳಿದೆ: 20,000 ರೂಪಾಯಿ ಕೈಗಡವಾಗಿ ಕೊಡಬಲ್ಲೆ, ಅದು ಹಿಂದಿರುಗದಿದ್ದರೂ ನಮ್ಮಿಬ್ಬರ ಮಧ್ಯೆ ಮನಸ್ತಾಪವಾಗದು. ಒಳಗಿನಿಂದ ಕಾಫಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಹೆಸರು ಆ ದಿನ ಮಾತಿನಲ್ಲಿ ಬರಲಿಲ್ಲ.

ಅವನು ಹಣ ಬೇಡವೆಂದ. ಅರ್ಜಿಯನ್ನು ಮೊದಲಿನ ಮಡಿಕೆಗಳಲ್ಲೇ ಮಡಿಸಿ ಕವರಿಗೆ ಹಾಕಿಕೊಂಡ, ಕಾಫಿಯನ್ನು ಮಾತ್ರ ಪೂರ್ತಿ ಕುಡಿದು ಎದ್ದ. ಗಣೇಶನ ಹಬ್ಬಕ್ಕೆ ಅವರ ಮನೆಯಿಂದ ಕರೆ ಬರಲಿಲ್ಲ, ಅದು ನೋವಾಯಿತು. ದೀಪಾವಳಿಗೆ ಅವನ ಹೆಂಡತಿ ಫೋನು ಮಾಡಿದಳು, ಇಬ್ಬರೂ ಹೋಗಿ ಬಂದೆವು. ಸಾಲದ ಮಾತು ಅವನೂ ಎತ್ತಲಿಲ್ಲ, ಬೇರೆ ಜಾಮೀನುದಾರ ಸಿಕ್ಕನೇ ಎಂದು ನಾನೂ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತಿದೆ; ಯುಗಾದಿಗೆ ಅವರು ನಮ್ಮ ಮನೆಗೆ ಬಂದಾಗ ಕೇಳುತ್ತೇನೆ.