ಇನ್ನೂರ ಎಪ್ಪತ್ತರ ವ್ಯತ್ಯಾಸ

ಬಡಗಿಯವರು ಫೋನ್ ಮಾಡಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. ‘ನೀವು ಕೊಟ್ಟ ಚೆಕ್ ವಾಪಸ್ ಬಂದಿದೆ. ಖಾತೆಯಲ್ಲಿ ಹಣ ಸಾಲದು ಎಂದು ಬರೆದಿದ್ದಾರೆ’ ಎಂದರು. ಕೆಲಸ ಮುಗಿಸಿ, ಅಚ್ಚುಕಟ್ಟಾದ ಕಪಾಟು ನಿಲ್ಲಿಸಿ ಹೋದ ಮನುಷ್ಯ ತನ್ನ ಹಣ ಕೇಳಲು ಸಂಕೋಚಪಡಬೇಕಾಯಿತಲ್ಲ ಎಂದು ನನಗೆ ತುಂಬ ನೋವಾಯಿತು. ಮೇಜಿನ ಖಾನೆಯಿಂದ ಚೆಕ್ ಪುಸ್ತಕವನ್ನೂ ಅದರ ಜೊತೆಗೆ ಇಡುತ್ತಿದ್ದ ಲೆಕ್ಕದ ಪುಸ್ತಕವನ್ನೂ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ, ನನ್ನದೇ ಅಕ್ಷರದಲ್ಲಿ, ಶಿಲ್ಕು ಧಾರಾಳವಾಗಿತ್ತು.

ಆದದ್ದು ಇಷ್ಟು. ವಿಮೆಯ ವಾರ್ಷಿಕ ಕಂತು ಖಾತೆಯಿಂದ ತಾನಾಗಿಯೇ ಕಡಿತವಾಗಿತ್ತು. ಅದರ ಸಂದೇಶ ಪತಿಯ ಮೊಬೈಲಿಗೆ ಬಂದಿತ್ತು. ಪುಸ್ತಕದಲ್ಲಿ ನಾನು ಬರೆದುಕೊಂಡಿರುತ್ತೇನೆಂದು ಅವರು ತಿಳಿದಿದ್ದರು. ಅವರು ಬರೆದಿಲ್ಲವೆಂದರೆ ಖರ್ಚೇ ಆಗಿಲ್ಲವೆಂದು ನಾನು ತಿಳಿದಿದ್ದೆ.

ಆ ಪುಸ್ತಕದ ಮೇಲೆ ನನಗಿರುವ ಗೌರವ ಈಗಲೂ ಕಡಿಮೆಯಾಗಿಲ್ಲ. ತಾರೀಖು, ಚೆಕ್ಕಿನ ಸಂಖ್ಯೆ, ಯಾರಿಗೆ, ಖರ್ಚು, ಜಮಾ, ಶಿಲ್ಕು. ಪಕ್ಕದಲ್ಲಿ, ಬ್ಯಾಂಕಿನಲ್ಲಿ ನಗದಾಯಿತೆಂದು ಗುರುತು ಹಾಕಲು ಒಂದು ಕಿರಿದಾದ ಕಾಲಂ. ಹನ್ನೊಂದು ವರ್ಷ ನಮ್ಮ ಸಂಸಾರವನ್ನು ಈ ಆರೇಳು ಕಾಲಂಗಳು ಹಿಡಿದಿಟ್ಟಿದ್ದವು. ಆದರೆ ನಾನು ಸಹಿ ಹಾಕಿದರೆ ಮಾತ್ರ ಖಾತೆಯಿಂದ ಹಣ ಹೊರಹೋಗುತ್ತಿದ್ದ ಕಾಲಕ್ಕೆ ಹೊಲಿದ ಅಂಗಿ ಅದು. ಈಗ ಕಾರ್ಡಿನಿಂದ, ಮೊಬೈಲಿನಿಂದ, ಯಾವಾಗಲೋ ಕೊಟ್ಟು ಮರೆತ ಒಪ್ಪಿಗೆಯಿಂದ, ಇಬ್ಬರ ಕೈಯಿಂದಲೂ ಹಣ ಹೋಗುತ್ತದೆ. ಪುಸ್ತಕ ಮಾತ್ರ ಒಂದೇ ಖಾನೆಯಲ್ಲಿ ಮಲಗಿರುತ್ತದೆ.

ಬಡಗಿಯವರಿಗೆ ಅಂದೇ ಹಣ ತಲುಪಿಸಿ ಕ್ಷಮೆ ಕೇಳಿದೆ. ಮಾರನೆಯ ದಿನ ಶನಿವಾರ. ಕಂಪ್ಯೂಟರಿನ ಮುಂದೆ ಕುಳಿತೆ.

ಲೆಕ್ಕ ಇಡಲು ಆರಿಸಿಕೊಂಡದ್ದು ಗ್ನುಕ್ಯಾಶ್ ಎಂಬ ಉಚಿತ ತಂತ್ರಾಂಶ. 1998ರಿಂದಲೂ ಇರುವಂಥದ್ದು. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಕಡತ ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ. ಇದನ್ನು ನಾನು ಹಟ ಹಿಡಿದು ನೋಡಿಕೊಂಡೆ. ಮೈಕ್ರೋಸಾಫ್ಟ್ ಮನಿ ತಂತ್ರಾಂಶದ ಮಾರಾಟ 2009ರಲ್ಲಿ ನಿಂತಿತು. ಅಂತರಜಾಲದಲ್ಲೇ ಲೆಕ್ಕ ಇಡುತ್ತಿದ್ದ ಮಿಂಟ್ ಸೇವೆ 2024ರಲ್ಲಿ ಮುಚ್ಚಿತು. ನಂಬಿಕೊಂಡಿದ್ದವರು ವರ್ಷಗಳ ಲೆಕ್ಕವನ್ನು ಗಂಟು ಕಟ್ಟಿಕೊಂಡು ಬೇರೆ ಕಡೆಗೆ ಹೊರಡಬೇಕಾಯಿತು. ಕಾಗದದ ಪುಸ್ತಕವನ್ನು ಬಿಡುವವರು ಯೋಚಿಸಲೇಬೇಕಾದ ಮಾತು ಇದು. ಪುಸ್ತಕವನ್ನು ಓದಲು ಯಾರ ಅನುಮತಿಯೂ ಬೇಕಿರಲಿಲ್ಲ.

ಮೊದಲ ತೊಡಕು ಆರಂಭಿಕ ಶಿಲ್ಕಿನಲ್ಲೇ ಎದುರಾಯಿತು. ಆರು ತಿಂಗಳ ಹಿಂದಿನಿಂದ ಲೆಕ್ಕ ಹಿಡಿಯೋಣವೆಂದು ಆ ದಿನ ಪುಸ್ತಕದಲ್ಲಿದ್ದ ಶಿಲ್ಕನ್ನು ಬರೆದೆ. ಆಗ ಕೊಟ್ಟಿದ್ದರೂ ಇನ್ನೂ ನಗದಾಗದ ಮೂರು ಚೆಕ್ಕುಗಳಿದ್ದವು. ಅವುಗಳನ್ನೂ ಒಂದೊಂದಾಗಿ ಸೇರಿಸಿದೆ. ಲೆಕ್ಕ ಎಲ್ಲೂ ಕೂಡಿಬರಲಿಲ್ಲ. ಒಂದು ಗಂಟೆ ತಡಕಾಡಿದ ಮೇಲೆ, ಕೊರತೆಯ ಮೊತ್ತವೂ ಆ ಮೂರು ಚೆಕ್ಕುಗಳ ಮೊತ್ತವೂ ಒಂದೇ ಎಂದು ಕಂಡಿತು. ಪುಸ್ತಕದಲ್ಲಿ ಚೆಕ್ ಬರೆದ ದಿನವೇ ಅದನ್ನು ಕಳೆದಿದ್ದೆ. ಈಗ ಮತ್ತೊಮ್ಮೆ ಕಳೆದಿದ್ದೆ. ಬ್ಯಾಂಕಿನ ಪಟ್ಟಿಯಲ್ಲಿರುವ ಶಿಲ್ಕಿನಿಂದ ಶುರುಮಾಡಿ, ನಗದಾಗದ ಚೆಕ್ಕುಗಳನ್ನು ಅದರ ಮೇಲೆ ಬರೆಯಬೇಕು.

ಆಮೇಲೆ ಕೆಲಸ ಓಡಿತು. ಈ ತಂತ್ರಾಂಶದಲ್ಲಿ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ತೋರಿಸಬೇಕು: ಹಣ ಎಲ್ಲಿಂದ ಹೋಯಿತು, ಎಲ್ಲಿಗೆ ಸೇರಿತು. ವೆನಿಸ್ಸಿನ ವ್ಯಾಪಾರಿಗಳು ಬಳಸುತ್ತಿದ್ದ ಈ ಪದ್ಧತಿಯ ವಿವರಣೆಯನ್ನು ಲೂಕಾ ಪಾಚೋಲಿ ಎಂಬ ಗಣಿತಜ್ಞ ಸನ್ಯಾಸಿ 1494ರಲ್ಲೇ ಅಚ್ಚು ಹಾಕಿಸಿದ್ದ. ನನಗೆ ಅದರ ಬೆಲೆ ತಿಳಿದದ್ದು ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ದಾಖಲಿಸುವಾಗ. ಪುಸ್ತಕದಲ್ಲಿ ‘ಕಾರ್ಡ್ ಬಿಲ್’ ಎಂಬ ಒಂದೇ ಸಾಲಿರುತ್ತಿತ್ತು. ಅದು ಖರ್ಚೇ ಅಲ್ಲ, ಹಿಂದೆಯೇ ಮಾಡಿದ ಖರ್ಚಿನ ಸಾಲವನ್ನು ತೀರಿಸುವುದು ಎಂಬುದು ಎರಡು ಖಾತೆಗಳನ್ನು ಎದುರುಬದುರು ಇಟ್ಟಾಗ ಕಣ್ಣಿಗೆ ಹೊಡೆದಂತೆ ಕಂಡಿತು. ನಿಜವಾದ ಖರ್ಚು ಆ ಸಾಲಿನ ಹಿಂದೆ ಇಪ್ಪತ್ತು, ಮೂವತ್ತು ಬಾಬತ್ತುಗಳಾಗಿ ಹರಡಿಕೊಂಡಿತ್ತು. ಇಷ್ಟು ವರ್ಷ ಆ ಬಾಬತ್ತುಗಳು ನಮ್ಮ ಪುಸ್ತಕದೊಳಗೆ ಬಂದಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಬ್ಯಾಂಕಿನ ಪಟ್ಟಿಯೊಡನೆ ತಿಂಗಳು ತಿಂಗಳಾಗಿ ತಾಳೆ ನೋಡಲು ಕುಳಿತೆ. ಮೊದಲ ಮೂರು ತಿಂಗಳು ವ್ಯತ್ಯಾಸ ಸೊನ್ನೆ. ನಾಲ್ಕನೆಯ ತಿಂಗಳು ಪರದೆಯ ಮೂಲೆಯಲ್ಲಿ 270 ಎಂದು ಬಂತು. ಎಲ್ಲ ಸಾಲುಗಳಿಗೂ ಗುರುತು ಬಿದ್ದಿದೆ, ಒಂದೂ ಬಿಟ್ಟಿಲ್ಲ, ಆದರೂ 270. ಲೆಕ್ಕಪತ್ರದ ಕೆಲಸದಲ್ಲಿಯೇ ಆಯುಷ್ಯ ಕಳೆದ ಅಕ್ಕನಿಗೆ ಫೋನ್ ಮಾಡಿದೆ.

‘ಒಂಬತ್ತರಿಂದ ಭಾಗಿಸಿ ನೋಡು’ ಎಂದಳು.

‘ಮೂವತ್ತು ಬಂತು ಅಕ್ಕ. ಶೇಷ ಇಲ್ಲ.’

‘ಹಾಗಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು. ಮೂವತ್ತು ಎಂದರೆ ಹತ್ತರ ಮತ್ತು ನೂರರ ಸ್ಥಾನ ಹುಡುಕು. ಆ ಎರಡು ಅಂಕಿಗಳ ನಡುವೆ ಮೂರರ ಅಂತರ ಇರುತ್ತದೆ.’

ಪಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ ಎಂಬುದನ್ನು ನಾನು ಕೇಳಿದ್ದೆ. ಆದರೆ ಭಾಗಲಬ್ಧವೇ ತಪ್ಪಿನ ಜಾಗವನ್ನೂ ತೋರಿಸುತ್ತದೆಂದು ಗೊತ್ತಿರಲಿಲ್ಲ. ಕಣ್ಣಾಡಿಸಿದೆ. ಪ್ರಯೋಗಾಲಯಕ್ಕೆ ಕೊಟ್ಟ ಒಂದು ಚೆಕ್: ಪುಸ್ತಕದಲ್ಲಿ 1,853, ಬ್ಯಾಂಕಿನ ಪಟ್ಟಿಯಲ್ಲಿ 1,583. ಕೌಂಟರ್‌ಫಾಯಿಲಿನಲ್ಲೂ 1,583 ಎಂದೇ ಇತ್ತು. ಪುಸ್ತಕದಲ್ಲಿ ಅದರ ಪಕ್ಕದಲ್ಲಿ ನಗದಾದ ಗುರುತನ್ನು ಬಹಳ ಹಿಂದೆಯೇ ಹಾಕಿದ್ದೆ. ಹೆಸರು ನೋಡಿದ್ದೆ, ಅಂಕಿ ನೋಡಿರಲಿಲ್ಲ. ತಿದ್ದಿದೆ. ವ್ಯತ್ಯಾಸ 0.00 ಎಂದಾಯಿತು. ಆ ಸೊನ್ನೆಗಳನ್ನು ನೋಡಿದಾಗ ಆದ ಸಂತೋಷ ದೊಡ್ಡದು.

ಬ್ಯಾಂಕಿನಿಂದ ಕಡತ ಇಳಿಸಿಕೊಂಡು ಎಲ್ಲವನ್ನೂ ಒಮ್ಮೆಗೇ ತುಂಬಿಸುವ ಸೌಲಭ್ಯವೂ ಇದೆ. ಪ್ರಯತ್ನಿಸಿದೆ. ದಿನ ಮೊದಲೋ ತಿಂಗಳು ಮೊದಲೋ ಎಂಬುದನ್ನು ಸರಿಯಾಗಿ ಹೇಳದಿದ್ದರೆ ಏಪ್ರಿಲ್ ಮೂರು ಮಾರ್ಚ್ ನಾಲ್ಕಾಗುತ್ತದೆ. ಕೈಯಿಂದ ಬರೆದ ಚೆಕ್ಕೂ ಬ್ಯಾಂಕಿನಿಂದ ಬಂದ ಅದರ ದಾಖಲೆಯೂ ಜೊತೆಯಾಗಿ ನಿಂತು ಒಂದೇ ಖರ್ಚು ಎರಡಾಗುತ್ತದೆ. ಇವನ್ನೆಲ್ಲ ಸರಿಪಡಿಸಬಹುದು. ಆದರೂ ನಾನು ಒಪ್ಪಲಿಲ್ಲ. ಕೈಯಿಂದ ಬರೆಯುವಾಗ ಖರ್ಚು ಒಮ್ಮೆ ನನ್ನ ಮನಸ್ಸಿನ ಮುಂದೆ ಹಾದುಹೋಗುತ್ತದೆ. ಅದನ್ನು ನಾನು ಯಂತ್ರಕ್ಕೆ ಒಪ್ಪಿಸಲಾರೆ. ಹಾಗಾಗಿ ದಿನವೂ ರಾತ್ರಿ ನಾವಿಬ್ಬರೂ ನಮ್ಮ ನಮ್ಮ ಖರ್ಚನ್ನು ನಾವೇ ಬರೆಯುವುದು, ಬ್ಯಾಂಕಿನ ಕಡತವನ್ನು ತಿಂಗಳಿಗೊಮ್ಮೆ ತಾಳೆ ನೋಡಲು ಮಾತ್ರ ಬಳಸುವುದು ಎಂದು ನಿಶ್ಚಯಿಸಿದೆವು. ವಿಮೆಯ ಮುಂದಿನ ಕಂತನ್ನು ಪತಿ ಆಗಲೇ ತಂತ್ರಾಂಶದಲ್ಲಿ ಮುಂಗಡವಾಗಿ ನಮೂದಿಸಿಟ್ಟರು.

ಸಂಜೆ ಪುಸ್ತಕವನ್ನು ಎತ್ತಿಡುವ ಮುನ್ನ ಆ 1,853ರ ಸಾಲನ್ನು ಮತ್ತೆ ನೋಡಿದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಅಕ್ಕನ ಶಸ್ತ್ರಚಿಕಿತ್ಸೆ ಮುಗಿಯಿತು, ಮಾತನಾಡಿದಳು’ ಎಂದು ಬರೆದಿದ್ದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದದ್ದು ನೆನಪಾಯಿತು. ಅಂಕಿಗಳು ಅದಲುಬದಲಾದ ದಿನ ಅದು.

ತಂತ್ರಾಂಶದಲ್ಲಿ ಟಿಪ್ಪಣಿಗೆಂದು ಒಂದು ಜಾಗವಿದೆ. ಅದೇ ಮಾತನ್ನು ಅಲ್ಲಿಯೂ ಬರೆದೆ. ಬಳಿಕ ಪುಸ್ತಕದ ಮೊದಲ ಪುಟಕ್ಕೆ ಹೋಗಿ, ಅಂಚುಗಳಲ್ಲಿ ಬೇರೆ ಏನೇನಿದೆ ಎಂದು ಓದಲು ತೊಡಗಿದೆ.